ಬ್ರಿಟನ್ನಿನ ಆರೋಗ್ಯ ವೃತ್ತಿ ನೋಂದಣಿಯಿಂದ ಹೆಸರು ತೆಗೆದ ಮೇಲೆ ಮತ್ತೆ ಸೇರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ವೈದ್ಯ, ನೋಂದಾಯಿತ ನರ್ಸ್, ಮಿಡ್‌ವೈಫ್, ದಂತವೈದ್ಯ, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಮುಂತಾದ ಹೆಸರಿನಲ್ಲಿ ಕೆಲಸ ಮಾಡಬೇಕಾದರೆ ಆಯಾ ವೃತ್ತಿಯ ನಿಯಂತ್ರಣ ಮಂಡಳಿಯ ರಿಜಿಸ್ಟರಿನಲ್ಲಿ ಹೆಸರು ಇರಲೇಬೇಕು. ಆ ಹೆಸರನ್ನು ತೆಗೆದುಹಾಕಿದ ದಿನ ಸಂಬಳದ ಜೊತೆಗೆ ಗುರುತೂ ಹೋಗುತ್ತದೆ. ಎಷ್ಟೋ ಜನ ಬಾಗಿಲು ಶಾಶ್ವತವಾಗಿ ಮುಚ್ಚಿತೆಂದು ತಿಳಿದು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಕಾನೂನಿನಲ್ಲಿ ಹಿಂದಿರುಗುವ ದಾರಿ ಇದೆ. ಅದು ಸುಲಭದ ದಾರಿಯಲ್ಲ, ಆದರೆ ಅದರ ನಿಯಮಗಳು ಸ್ಪಷ್ಟವಾಗಿವೆ. ಆ ದಾರಿಯ ಬಗ್ಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಹೆಸರು ಹೋಗುವುದು ಎಂದರೆ ಎಲ್ಲರಿಗೂ ಒಂದೇ ಅರ್ಥವೇ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ. ಶುಲ್ಕ ಕಟ್ಟದೆ ಅಥವಾ ನವೀಕರಣದ ಅರ್ಜಿ ಸಲ್ಲಿಸದೆ ಹೆಸರು ಬಿದ್ದುಹೋದವರು ಕೆಲವರು. ನಿವೃತ್ತಿ, ಮಕ್ಕಳ ಪಾಲನೆ, ವಿದೇಶ ಪ್ರಯಾಣ ಮುಂತಾದ ಕಾರಣಗಳಿಂದ ತಾವಾಗಿಯೇ ಹೆಸರು ಹಿಂತೆಗೆದುಕೊಂಡವರು ಇನ್ನು ಕೆಲವರು. ದುರ್ವರ್ತನೆ, ಅಪರಾಧದ ಶಿಕ್ಷೆ ಅಥವಾ ವೃತ್ತಿಗೆ ಬೇಕಾದ ಸಾಮರ್ಥ್ಯದ ಕೊರತೆಯಿಂದಾಗಿ ವಿಚಾರಣೆ ನಡೆದು, ಆದೇಶದ ಮೂಲಕ ಹೆಸರು ಕಳೆದುಕೊಂಡವರು ಮತ್ತೆ ಕೆಲವರು. ಮೊದಲ ಎರಡು ಗುಂಪಿನವರು ಹಿಂದಿರುಗುವುದು ಬಹುಮಟ್ಟಿಗೆ ಕಚೇರಿಯ ಕಾಗದಪತ್ರದ ಕೆಲಸ. ಮೂರನೆಯ ಗುಂಪಿನವರದು ವಿಚಾರಣಾ ಸಮಿತಿಯ ಮುಂದೆ ನಿಂತು ತಮ್ಮ ಯೋಗ್ಯತೆಯನ್ನು ಸಾಬೀತುಪಡಿಸಬೇಕಾದ ಕೆಲಸ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಇವರಿಗಾಗಿಯೇ ಇವೆ.

ಶುಲ್ಕ ಕಟ್ಟುವುದನ್ನು ಮರೆತು ಹೆಸರು ಹೋಯಿತು. ಈಗೇನು ಮಾಡಬೇಕು?

ಮೊದಲನೆಯದಾಗಿ, ಆ ಕ್ಷಣದಿಂದಲೇ ನೋಂದಾಯಿತ ಹುದ್ದೆಯ ಕೆಲಸವನ್ನು ನಿಲ್ಲಿಸಿ, ನಿಮ್ಮ ಮೇಲಧಿಕಾರಿಗೆ ತಿಳಿಸಿ. ಹೆಸರು ಇಲ್ಲದಿರುವುದು ಗೊತ್ತಿದ್ದೂ ಪಾಳಿ ಮುಗಿಸಿದರೆ ಸಣ್ಣ ಮರೆವು ದೊಡ್ಡ ಆರೋಪವಾಗಿ ಬೆಳೆಯುತ್ತದೆ. ಆಮೇಲೆ ಮರುಸೇರ್ಪಡೆಯ ಅರ್ಜಿ, ಶುಲ್ಕ, ಆರೋಗ್ಯ ಮತ್ತು ನಡತೆಯ ಘೋಷಣೆ ಇವಿಷ್ಟನ್ನು ಸಲ್ಲಿಸಬೇಕು.

ವೃತ್ತಿಯಿಂದ ದೂರವಿದ್ದ ಅಂತರ ದೀರ್ಘವಾಗಿದ್ದರೆ ಜ್ಞಾನವನ್ನು ಹೊಸದಾಗಿಸಿಕೊಂಡಿದ್ದಕ್ಕೆ ಪುರಾವೆ ಬೇಕಾಗುತ್ತದೆ. ಫಿಸಿಯೋಥೆರಪಿಸ್ಟರು, ರೇಡಿಯೋಗ್ರಾಫರ್‌ಗಳು, ಪ್ಯಾರಾಮೆಡಿಕ್‌ಗಳು ಸೇರಿದಂತೆ 15 ವೃತ್ತಿಗಳನ್ನು ನೋಡಿಕೊಳ್ಳುವ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ (ಎಚ್‌ಸಿಪಿಸಿ) ಎರಡು ವರ್ಷದೊಳಗಿನ ಅಂತರಕ್ಕೆ ಇಂಥದ್ದನ್ನು ಕೇಳುವುದಿಲ್ಲ. ಎರಡರಿಂದ ಐದು ವರ್ಷದ ಅಂತರಕ್ಕೆ 30 ದಿನಗಳ, ಐದು ವರ್ಷ ದಾಟಿದರೆ 60 ದಿನಗಳ ಕಲಿಕೆಯನ್ನು ಕೇಳುತ್ತದೆ. ಒಂದು ದಿನವೆಂದರೆ ಏಳು ಗಂಟೆ ಎಂಬುದು ಅದರ ಲೆಕ್ಕ. ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ (ಎನ್‌ಎಂಸಿ) ಹಿಂದಿನ ಮೂರು ವರ್ಷಗಳಲ್ಲಿ 450 ಗಂಟೆಗಳ ಕೆಲಸ ಮತ್ತು 35 ಗಂಟೆಗಳ ವೃತ್ತಿ ಕಲಿಕೆಯನ್ನು ನೋಡುತ್ತದೆ. ನರ್ಸ್ ಮತ್ತು ಮಿಡ್‌ವೈಫ್ ಎರಡೂ ಆಗಿ ಸೇರಬಯಸುವವರಿಗೆ 900 ಗಂಟೆ ಬೇಕು. ಅಷ್ಟು ಗಂಟೆ ಇಲ್ಲದವರು ವೃತ್ತಿಗೆ ಮರಳುವವರ ಕೋರ್ಸನ್ನು ಮುಗಿಸಬೇಕು, ಇಲ್ಲವೇ ಸಾಮರ್ಥ್ಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು.

ನಾನಾಗಿಯೇ ಹೆಸರು ಹಿಂತೆಗೆದುಕೊಂಡಿದ್ದೆ. ಆಗ ನನ್ನ ಮೇಲೊಂದು ದೂರು ಬಾಕಿ ಇತ್ತು. ಅದು ಮುಗಿದಂತೆಯೇ?

ಮುಗಿದಿಲ್ಲ, ಮಲಗಿದೆ. ನೀವು ಮರಳಿ ಅರ್ಜಿ ಹಾಕಿದ ದಿನ ಆ ಕಡತ ಮತ್ತೆ ತೆರೆದುಕೊಳ್ಳುತ್ತದೆ ಎಂದುಕೊಂಡೇ ಸಿದ್ಧರಾಗಿ. ವರ್ಷಗಳು ಕಳೆದಂತೆ ಸಾಕ್ಷಿಗಳ ನೆನಪು ಮಸುಕಾಗುತ್ತದೆ ಮತ್ತು ನಿಮ್ಮ ಪರವಾದ ದಾಖಲೆಗಳೂ ಚದುರಿಹೋಗುತ್ತವೆ. ಆದುದರಿಂದ ಅಂದಿನ ಪತ್ರಗಳು, ಡ್ಯೂಟಿ ಪಟ್ಟಿ, ತರಬೇತಿಯ ಪ್ರಮಾಣಪತ್ರ ಇವನ್ನೆಲ್ಲ ಇಂದೇ ಒಟ್ಟುಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಶಿಸ್ತುಕ್ರಮದಿಂದ ಹೆಸರು ಹೋದವರು ಎಷ್ಟು ಕಾಲ ಕಾಯಬೇಕು?

ವೈದ್ಯರ ಜನರಲ್ ಮೆಡಿಕಲ್ ಕೌನ್ಸಿಲ್ (ಜಿಎಂಸಿ), ಎನ್‌ಎಂಸಿ, ಎಚ್‌ಸಿಪಿಸಿ, ದಂತವೈದ್ಯರ ಜನರಲ್ ಡೆಂಟಲ್ ಕೌನ್ಸಿಲ್ ಮತ್ತು ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ಈ ಎಲ್ಲವುಗಳಲ್ಲೂ ಐದು ವರ್ಷ. ಕಣ್ಣಿನ ಪರೀಕ್ಷಕರ ಜನರಲ್ ಆಪ್ಟಿಕಲ್ ಕೌನ್ಸಿಲ್‌ನಲ್ಲಿ ಎರಡು ವರ್ಷ, ಆಸ್ಟಿಯೋಪಥಿಯವರಿಗೆ (ಮೂಳೆ, ಕೀಲು, ಸ್ನಾಯುಗಳ ತೊಂದರೆಗೆ ಕೈಯಿಂದಲೇ ಚಿಕಿತ್ಸೆ ಕೊಡುವವರಿಗೆ) ಹತ್ತು ತಿಂಗಳು. ವೈದ್ಯರಿಗೂ ಹಿಂದೆ ಹತ್ತು ತಿಂಗಳೇ ಇತ್ತು, 2000ದ ಆಗಸ್ಟಿನಿಂದ ಅದು ಐದು ವರ್ಷವಾಯಿತು. ದಿನ ಎಣಿಸಬೇಕಾದುದು ಆದೇಶ ಜಾರಿಗೆ ಬಂದ ದಿನದಿಂದ. ವಿಚಾರಣೆ ಮುಗಿದ ದಿನವನ್ನು ಲೆಕ್ಕಕ್ಕೆ ಹಿಡಿದು ಅವಸರದಿಂದ ಅರ್ಜಿ ಹಾಕಿದರೆ ಅದು ಹಾಗೆಯೇ ಹಿಂದಿರುಗುತ್ತದೆ.

ಐದು ವರ್ಷ ತುಂಬಿದ ಮಾತ್ರಕ್ಕೆ ಹೆಸರು ತಾನಾಗಿ ಮರಳುವುದಿಲ್ಲ ಎಂಬುದನ್ನು ಗಮನಿಸಬೇಕು. ಕೇಳುವ ಹಕ್ಕು ಹುಟ್ಟುವ ದಿನ ಅದು, ಅಷ್ಟೇ.

ಮರುಸೇರ್ಪಡೆಯ ಅರ್ಜಿಯೂ ಮೇಲ್ಮನವಿಯೂ ಒಂದೇ ಅಲ್ಲವೇ?

ಖಂಡಿತ ಅಲ್ಲ. ಅರ್ಜಿದಾರರಿಗೆ ಅತಿ ಹೆಚ್ಚು ನಷ್ಟ ತಂದೊಡ್ಡುವ ತಪ್ಪು ತಿಳಿವಳಿಕೆ ಇದೇ ಎಂದು ನನ್ನ ಭಾವನೆ. ಆದೇಶವೇ ತಪ್ಪಾಗಿದೆ ಎಂದು ವಾದಿಸುವುದಾದರೆ ಅದಕ್ಕೆ ಮೇಲ್ಮನವಿ ಇದೆ. ಅದನ್ನು ಆದೇಶದ ತಿಳಿವಳಿಕೆ ಪತ್ರ ಬಂದ 28 ದಿನಗಳೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೈಕೋರ್ಟಿಗೆ, ಸ್ಕಾಟ್ಲೆಂಡಿನಲ್ಲಿ ಕೋರ್ಟ್ ಆಫ್ ಸೆಷನ್‌ಗೆ, ಉತ್ತರ ಐರ್ಲೆಂಡಿನಲ್ಲಿ ಅಲ್ಲಿಯ ಹೈಕೋರ್ಟಿಗೆ ಸಲ್ಲಿಸಬೇಕು. ಆ ಅವಧಿ ಮುಗಿದು ವರ್ಷಗಳಾದ ಮೇಲೆ ನಡೆಯುವ ಮರುಸೇರ್ಪಡೆಯ ವಿಚಾರಣೆಯಲ್ಲಿ ಹಿಂದಿನ ಸಮಿತಿ ಕಂಡುಕೊಂಡ ಸಂಗತಿಗಳು ಕಲ್ಲಿನ ಮೇಲೆ ಕೊರೆದ ಅಕ್ಷರದಂತೆ. ಅವನ್ನು ಮತ್ತೆ ಕೆದಕಲು ಹೋದವರು, ತಮಗೆ ಸಿಕ್ಕಿದ ಒಂದೆರಡು ದಿನಗಳ ಸಮಯವನ್ನೂ ಸಮಿತಿಯ ವಿಶ್ವಾಸವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಹಾಗಾದರೆ ಸಮಿತಿ ನೋಡುವುದು ಏನನ್ನು?

ಇಂದು ನಿಮ್ಮ ಕೈಗೆ ರೋಗಿಯನ್ನು ಒಪ್ಪಿಸಬಹುದೇ ಎಂಬುದನ್ನು. ನೀವು ಸಾಕಷ್ಟು ಶಿಕ್ಷೆ ಅನುಭವಿಸಿದ್ದೀರಾ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಐದು ವರ್ಷ ಮನೆ ನಡೆಸಲು ಪಟ್ಟ ಪಾಡು, ಸಾಲ, ಸಂಬಂಧಿಕರ ಮುಂದೆ ಆದ ಅವಮಾನ ಎಲ್ಲವೂ ನಿಜ, ಎಲ್ಲವೂ ನೋವಿನವು. ಆದರೆ ಅವು ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಸಾಬೀತುಪಡಿಸುವ ಹೊಣೆ ಅರ್ಜಿದಾರರದು. ಮೂಲ ವಿಚಾರಣೆಯಲ್ಲಿ ಆರೋಪವನ್ನು ಮಂಡಳಿ ಸಾಬೀತುಪಡಿಸಬೇಕಿತ್ತು, ಇಲ್ಲಿ ಯೋಗ್ಯತೆಯನ್ನು ನೀವು ಸಾಬೀತುಪಡಿಸಬೇಕು. ವೈದ್ಯರ ಮರುಸೇರ್ಪಡೆಯ ಪ್ರಕರಣವೊಂದರಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ 2018ರಲ್ಲಿ ಈ ಮಾನದಂಡವನ್ನು ಸ್ಪಷ್ಟಪಡಿಸಿತು. ಹೆಸರು ಹೋಗಲು ಕಾರಣವಾದ ಸಂಗತಿಗಳನ್ನೂ, ಆಮೇಲೆ ನೀವು ತಿದ್ದಿಕೊಂಡದ್ದನ್ನೂ, ಒಳನೋಟವನ್ನೂ (ತಪ್ಪೇನು, ಅದು ಏಕೆ ಗಂಭೀರ ಎಂಬ ಅರಿವನ್ನೂ) ತೂಗಿದ ಮೇಲೆ ಸಮಿತಿ ಮೂರು ವಿಷಯಗಳನ್ನು ಒಂದೊಂದಾಗಿ ಪರಿಗಣಿಸಬೇಕು: ಜನರ ಸುರಕ್ಷತೆ, ವೃತ್ತಿಯ ಮೇಲೆ ಜನರಿಗಿರುವ ವಿಶ್ವಾಸ ಮತ್ತು ವೃತ್ತಿಯ ಮಟ್ಟ. ಅಸಾಧಾರಣ ಸಂದರ್ಭವಿದ್ದರೆ ಮಾತ್ರ ಮರುಸೇರ್ಪಡೆ ಎಂಬ ನಿಯಮವಿಲ್ಲ ಎಂಬುದನ್ನೂ ಅದೇ ತೀರ್ಪು ಹೇಳಿತು. ಅಂದರೆ ನೀವು ಪವಾಡ ತೋರಿಸಬೇಕಿಲ್ಲ. ಆದರೆ ಮತ್ತೆ ತಪ್ಪು ನಡೆಯುವುದಿಲ್ಲ ಎಂದು ತೋರಿಸಿದರಷ್ಟೇ ಸಾಲದು. ವಿಷಯವನ್ನೆಲ್ಲ ತಿಳಿದ ಒಬ್ಬ ಸಾಮಾನ್ಯ ನಾಗರಿಕ ನಿಮ್ಮ ಹೆಸರು ಮರಳಿ ಬಂದದ್ದನ್ನು ಕೇಳಿ ಏನೆಂದುಕೊಂಡಾನು ಎಂಬುದಕ್ಕೂ ಉತ್ತರ ಬೇಕು.

‘ಒಳನೋಟ’ ಎಂಬ ಮಾತು ಎಲ್ಲ ಕಡೆ ಬರುತ್ತದೆ. ಅದನ್ನು ಬರಹದಲ್ಲಿ ತೋರಿಸುವುದು ಹೇಗೆ?

ಕಲ್ಪಿತ ಉದಾಹರಣೆಯೊಂದನ್ನು ಹತ್ತಿರದಿಂದ ನೋಡೋಣ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ವೃದ್ಧ ರೋಗಿಯೊಬ್ಬರಿಗೆ ಇನ್ಸುಲಿನ್ ಕೊಡದೆಯೇ ಔಷಧದ ಚಾರ್ಟಿನಲ್ಲಿ ಕೊಟ್ಟಿರುವುದಾಗಿ ಸಹಿ ಮಾಡಿದರು. ಬೆಳಿಗ್ಗೆ ಸಕ್ಕರೆಯ ಮಟ್ಟ ಏರಿದ್ದು ಕಂಡು ವಿಚಾರಿಸಿದಾಗ, ಕೊಟ್ಟಿದ್ದೇನೆ ಎಂದೇ ಹೇಳಿದರು. ಐದು ವರ್ಷಗಳ ನಂತರ ಅವರು ಬರೆದ ಆತ್ಮಾವಲೋಕನದ ಮೊದಲ ಕರಡು ಹೀಗಿದೆ: ‘ಅಂದು ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆ ಇದ್ದರು. ನನ್ನಿಂದ ಯಾರಿಗಾದರೂ ತೊಂದರೆಯಾಗಿದ್ದರೆ ವಿಷಾದಿಸುತ್ತೇನೆ. ಈ ಘಟನೆಯಿಂದ ನಾನು ಬಹಳಷ್ಟು ಕಲಿತಿದ್ದೇನೆ.’ ಇಲ್ಲಿನ ‘ಆಗಿದ್ದರೆ’ ಎಂಬ ಒಂದು ಪದವೇ ಇಡೀ ಅರ್ಜಿಯನ್ನು ಮುಳುಗಿಸಬಲ್ಲದು. ತೊಂದರೆ ಆಗಿತ್ತು, ಅದು ದಾಖಲೆಯಲ್ಲಿದೆ.

ಅವರೇ ಕೆಲವು ತಿಂಗಳು ಕಳೆದು ಬರೆದದ್ದು ಬೇರೆ ಥರ ಇದೆ: ‘ಎರಡು ಗಂಟೆಗೆ ಕೊಡಬೇಕಿದ್ದ ಡೋಸ್ ತಪ್ಪಿದ್ದು ನಾಲ್ಕು ಗಂಟೆಗೆ ನನ್ನ ಗಮನಕ್ಕೆ ಬಂತು. ಡಾಕ್ಟರಿಗೆ ಫೋನ್ ಮಾಡಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಭಯದಿಂದ ಸಹಿ ಹಾಕಿದೆ. ಆ ಸಹಿಯನ್ನು ನಂಬಿ ಮುಂದಿನ ಪಾಳಿಯವರು ತಪ್ಪು ನಿರ್ಧಾರ ತೆಗೆದುಕೊಂಡರು. ಬೆಳಿಗ್ಗೆ ಸುಳ್ಳು ಹೇಳಿದ್ದು ಸಹಿಗಿಂತ ದೊಡ್ಡ ತಪ್ಪು, ಏಕೆಂದರೆ ಸರಿಪಡಿಸಲು ಆಗಲೂ ಸಮಯವಿತ್ತು.’ ಸಿಬ್ಬಂದಿ ಕೊರತೆಯನ್ನು ಇಲ್ಲಿ ಮುಚ್ಚಿಟ್ಟಿಲ್ಲ, ಬೇಕಾದರೆ ಮುಂದೆ ಬರೆಯಬಹುದು. ಆದರೆ ಡೋಸ್ ತಪ್ಪಿದ್ದಕ್ಕೆ ಕೊರತೆ ಕಾರಣವಾಗಿರಬಹುದೇ ಹೊರತು ಸುಳ್ಳಿಗೆ ಅಲ್ಲ ಎಂಬ ವ್ಯತ್ಯಾಸ ಬರೆದವರಿಗೆ ತಿಳಿದಿದೆ. ಸಮಿತಿ ಹುಡುಕುವ ಒಳನೋಟ ಇದು. ಇದರ ಮುಂದಿನ ಪ್ಯಾರಾದಲ್ಲಿ, ಇಂದು ಅಂಥದೇ ರಾತ್ರಿ ಬಂದರೆ ನಾಲ್ಕು ಗಂಟೆಗೆ ಯಾರಿಗೆ ಫೋನ್ ಮಾಡುತ್ತೀರಿ, ಏನೆಂದು ದಾಖಲಿಸುತ್ತೀರಿ, ರೋಗಿಗೆ ಹೇಗೆ ತಿಳಿಸುತ್ತೀರಿ ಎಂಬುದು ಬರಬೇಕು.

ಇಂಥ ಬರಹವನ್ನು ಇನ್ನೊಬ್ಬರಿಂದ ಬರೆಸಿಕೊಳ್ಳಬೇಡಿ. ಸಮಿತಿಯ ಸದಸ್ಯರು ಎರಡನೆಯ ಪ್ರಶ್ನೆ ಕೇಳುವಷ್ಟರಲ್ಲಿ ಅದು ಬಯಲಾಗುತ್ತದೆ.

ನಾನು ಆ ತಪ್ಪು ಮಾಡಿಲ್ಲ ಎಂದೇ ಇಂದಿಗೂ ನಂಬಿದ್ದೇನೆ. ಒಪ್ಪಿಕೊಂಡಂತೆ ನಟಿಸಬೇಕೇ?

ನಟಿಸಬಾರದು. ಅದು ಅಪ್ರಾಮಾಣಿಕತೆಯೂ ಹೌದು, ಅಪಾಯವೂ ಹೌದು. ಆರೋಪವನ್ನು ಅಲ್ಲಗಳೆದು ಸೋತ ಮಾತ್ರಕ್ಕೆ ಒಬ್ಬರಿಗೆ ಒಳನೋಟವಿಲ್ಲ ಎಂದು ತೀರ್ಮಾನಿಸಬಾರದೆಂದು ನ್ಯಾಯಾಲಯಗಳು ಎಚ್ಚರಿಸಿವೆ. ಇಂಗ್ಲೆಂಡಿನ ಹೈಕೋರ್ಟು 2022ರ ಒಂದು ತೀರ್ಪಿನಲ್ಲಿ ಇದನ್ನು ವಿವರವಾಗಿ ಚರ್ಚಿಸಿದೆ. ನೀವು ಸಮಿತಿಯ ತೀರ್ಮಾನವನ್ನು ಗೌರವಿಸುತ್ತೀರಿ, ಆ ತೀರ್ಮಾನದಲ್ಲಿ ಹೇಳಿದಂಥ ನಡತೆ ಏಕೆ ಗಂಭೀರ, ಅದರಿಂದ ರೋಗಿಗೂ ಸಹೋದ್ಯೋಗಿಗಳಿಗೂ ಏನಾಗುತ್ತದೆ, ಅಂಥ ಸನ್ನಿವೇಶ ಮತ್ತೆ ಹುಟ್ಟದಂತೆ ಏನು ಮಾಡಿದ್ದೀರಿ ಎಂಬುದನ್ನು ಪ್ರಾಮಾಣಿಕವಾಗಿ ಹೇಳಲು ಸಾಧ್ಯವಿದೆ. ದಾರಿ ಕಿರಿದಾಗುತ್ತದೆ, ನಿಜ. ಆದರೆ ಮುಚ್ಚಿಹೋಗುವುದಿಲ್ಲ.

ಕೆಲವು ತಪ್ಪುಗಳಿಂದ ಹಿಂದಿರುಗುವುದು ಹೆಚ್ಚು ಕಷ್ಟವೇ?

ಹೌದು. ಕೈಚಳಕದ ಅಥವಾ ತಿಳಿವಿನ ಕೊರತೆಯನ್ನು ತರಬೇತಿಯಿಂದ ತುಂಬಬಹುದು, ತುಂಬಿದ್ದನ್ನು ಪ್ರಮಾಣಪತ್ರದಲ್ಲಿ ತೋರಿಸಲೂಬಹುದು. ಅಪ್ರಾಮಾಣಿಕತೆ, ರೋಗಿಯೊಡನೆ ಲೈಂಗಿಕ ದುರ್ವರ್ತನೆ, ಹಿಂಸೆ, ಜನಾಂಗದ್ವೇಷ ಇವು ಸ್ವಭಾವಕ್ಕೆ ಅಂಟಿದ ದೋಷಗಳೆಂದು ಪರಿಗಣಿಸಲ್ಪಡುವುದರಿಂದ ಅವನ್ನು ತಿದ್ದಿಕೊಂಡಿದ್ದಕ್ಕೆ ಪುರಾವೆ ಕೊಡುವುದು ಕಠಿಣ. ವೃತ್ತಿಯ ಎಲ್ಲೆಗಳ ಬಗ್ಗೆ ಒಂದು ದಿನದ ಆನ್‌ಲೈನ್ ಕೋರ್ಸು ಮುಗಿಸಿ ಬಂದರೆ ಯಾರೂ ಒಪ್ಪುವುದಿಲ್ಲ. ವರ್ಷಗಟ್ಟಲೆ ಜವಾಬ್ದಾರಿಯ ಜಾಗದಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡಿದ್ದನ್ನು ಕಂಡವರ ಮಾತು ಇಲ್ಲಿ ಹೆಚ್ಚು ತೂಗುತ್ತದೆ.

ಕಾಯಿಲೆ ಅಥವಾ ಚಟದ ಹಿನ್ನೆಲೆ ಇದ್ದರೆ?

ಅನಾರೋಗ್ಯವೊಂದನ್ನೇ ಕಾರಣವಾಗಿಸಿ ವೈದ್ಯರ ಹೆಸರನ್ನು ತೆಗೆಯುವಂತಿಲ್ಲ. ಎನ್‌ಎಂಸಿ ಮತ್ತು ಎಚ್‌ಸಿಪಿಸಿಗಳಲ್ಲೂ ಅನಾರೋಗ್ಯ ಅಥವಾ ಸಾಮರ್ಥ್ಯದ ಕೊರತೆಯ ಪ್ರಕರಣವಾದರೆ ಎರಡು ವರ್ಷ ಸತತವಾಗಿ ಅಮಾನತು ಅಥವಾ ಷರತ್ತುಗಳ ಅಡಿಯಲ್ಲಿ ಇದ್ದ ಮೇಲಷ್ಟೇ ಹೆಸರು ತೆಗೆಯಬಹುದು. ಆದರೆ ಮದ್ಯ ಅಥವಾ ಔಷಧದ ಚಟದಿಂದ ಕಳವು, ಸುಳ್ಳು ದಾಖಲೆಗಳಂಥ ದುರ್ವರ್ತನೆ ಹುಟ್ಟಿಕೊಂಡಿರುವುದೂ ಉಂಟು. ಅಂಥವರು ಚಿಕಿತ್ಸೆ ನೀಡಿದ ತಜ್ಞರ ಇತ್ತೀಚಿನ ವರದಿ, ಪರೀಕ್ಷೆಯ ಫಲಿತಾಂಶಗಳು, ಮತ್ತೆ ಜಾರುವ ಸೂಚನೆ ಕಂಡರೆ ಏನು ಮಾಡಬೇಕೆಂಬ ಲಿಖಿತ ಯೋಜನೆ ಇವುಗಳೊಂದಿಗೆ ಬರಬೇಕು. ಆರೋಗ್ಯದ ವಿವರಗಳನ್ನು ಕೇಳುವಾಗ ವಿಚಾರಣೆಯನ್ನು ಖಾಸಗಿಯಾಗಿ ನಡೆಸುವಂತೆ ಕೋರಬಹುದು.

ಕಾಯುವ ಐದು ವರ್ಷ ನಾನು ಏನು ಮಾಡಬೇಕು? ಆಸ್ಪತ್ರೆಯಲ್ಲಿ ಬೇರೆ ಕೆಲಸ ಮಾಡಬಹುದೇ?

ನೋಂದಣಿ ಬೇಕಿಲ್ಲದ ಕೆಲಸವನ್ನು ಮಾಡಬಹುದು, ಆದರೆ ಉದ್ಯೋಗದಾತರಿಗೆ ಹಿಂದಿನದನ್ನೆಲ್ಲ ಮೊದಲೇ ತಿಳಿಸಿರಬೇಕು. ನರ್ಸ್ ಆಗಿದ್ದವರು ಆರೈಕೆ ಸಹಾಯಕರಾಗಿ ದುಡಿಯುವುದುಂಟು. ಔಷಧ ಬರೆದುಕೊಡುವುದು, ‘ನಾನು ನೋಂದಾಯಿತ ನರ್ಸ್’ ಎಂದು ಪರಿಚಯಿಸಿಕೊಳ್ಳುವುದು ಇಂಥವು ಮಾತ್ರ ಸಲ್ಲದು. ಕಾನೂನಿನ ರಕ್ಷಣೆಯಿರುವ ವೃತ್ತಿನಾಮವನ್ನು ನೋಂದಣಿ ಇಲ್ಲದೆ ಬಳಸುವುದು ಅಪರಾಧ.

ಸಿದ್ಧತೆ ಐದನೆಯ ವರ್ಷದ ಕೊನೆಯ ತಿಂಗಳಲ್ಲಿ ಶುರುವಾದರೆ ತಡವಾಯಿತೆಂದೇ ಅರ್ಥ. ಪ್ರಮಾಣಪತ್ರಗಳ ಮೇಲಿನ ತಾರೀಖುಗಳನ್ನು ಸಮಿತಿಯವರು ಓದುತ್ತಾರೆ. ಹನ್ನೆರಡು ಕೋರ್ಸುಗಳೂ ಅರ್ಜಿಗೆ ಹಿಂದಿನ ಮೂರು ವಾರಗಳಲ್ಲೇ ಮುಗಿದಿದ್ದರೆ ಅದು ಅರ್ಜಿಗಾಗಿ ಕಲಿತದ್ದು ಎಂಬುದು ಯಾರಿಗಾದರೂ ತಿಳಿಯುತ್ತದೆ. ಮೊದಲ ವರ್ಷದಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಂಡು, ಓದಿದ ಮಾರ್ಗಸೂಚಿ, ಅದರಿಂದ ಬದಲಾದ ಅಭಿಪ್ರಾಯ, ನೋಡಿ ಕಲಿಯಲು ಹೋದ ಕ್ಲಿನಿಕ್ಕಿನ ದಿನ ಎಲ್ಲವನ್ನೂ ತಾರೀಖಿನೊಂದಿಗೆ ಬರೆದಿಡಿ. ಯಾವ ವಕೀಲರ ವಾದಕ್ಕೂ ಇಲ್ಲದ ಬಲ ಅಂಥ ನೋಟ್‌ಬುಕ್ಕಿಗೆ ಇದೆ.

ನಡತೆಯ ಪತ್ರಗಳನ್ನು ಯಾರಿಂದ ತರಬೇಕು?

ನಿಮ್ಮ ಹೆಸರು ಏಕೆ ಹೋಯಿತೆಂಬುದು ಪೂರ್ತಿ ಗೊತ್ತಿರುವವರಿಂದ, ಹಾಗೆ ಗೊತ್ತಿದೆ ಎಂದು ಪತ್ರದಲ್ಲೇ ಬರೆಯುವವರಿಂದ. ‘ಇವರು ತುಂಬ ಒಳ್ಳೆಯವರು, ನಗುಮುಖದವರು’ ಎಂಬ ಇಪ್ಪತ್ತು ಪತ್ರಗಳಿಗಿಂತ, ಹಿಂದಿನ ಆದೇಶವನ್ನು ಓದಿಯೂ ನಿಮ್ಮನ್ನು ಕೆಲಸಕ್ಕಿಟ್ಟುಕೊಂಡ ಒಬ್ಬ ಮೇಲ್ವಿಚಾರಕರ ಒಂದು ಪುಟ ಮೇಲು.

ವಕೀಲರು ಬೇಕೇಬೇಕೇ?

ಕಡ್ಡಾಯವಿಲ್ಲ. ವೃತ್ತಿ ಸಂಘದ ಅಥವಾ ಯೂನಿಯನ್ನಿನ ಸದಸ್ಯತ್ವ ಉಳಿಸಿಕೊಂಡಿದ್ದರೆ ಅಲ್ಲಿ ಮೊದಲು ವಿಚಾರಿಸಿ. ವಕೀಲರಿದ್ದರೂ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ನೀವೇ.

ವಿಚಾರಣೆ ಹೇಗೆ ನಡೆಯುತ್ತದೆ?

ವೈದ್ಯರ ವಿಚಾರಣೆಯನ್ನು 2012ರಲ್ಲಿ ಆರಂಭವಾದ ಮೆಡಿಕಲ್ ಪ್ರಾಕ್ಟಿಷನರ್ಸ್ ಟ್ರಿಬ್ಯೂನಲ್ ಸರ್ವಿಸ್ ನಡೆಸುತ್ತದೆ, ಉಳಿದ ಮಂಡಳಿಗಳಿಗೆ ಅವರವರ ಸಮಿತಿಗಳಿವೆ. ಸಮಿತಿಯಲ್ಲಿ ವೃತ್ತಿಯವರ ಜೊತೆಗೆ ವೃತ್ತಿಗೆ ಸೇರದ ಸಾಮಾನ್ಯ ಸದಸ್ಯರೂ ಇರುತ್ತಾರೆ. ಮಂಡಳಿಯ ವಕೀಲರು ಹಿಂದಿನ ಇತಿಹಾಸವನ್ನು ಮುಂದಿಡುತ್ತಾರೆ. ನೀವು ಪ್ರಮಾಣ ಮಾಡಿ ಹೇಳಿಕೆ ಕೊಡುತ್ತೀರಿ, ನಂತರ ಪಾಟೀಸವಾಲು ಮತ್ತು ಸಮಿತಿಯ ಪ್ರಶ್ನೆಗಳು. ಸಾಮಾನ್ಯವಾಗಿ ಇದೆಲ್ಲ ಬಹಿರಂಗವಾಗಿ ನಡೆಯುತ್ತದೆ, ತೀರ್ಮಾನವೂ ಪ್ರಕಟವಾಗುತ್ತದೆ. ಹಳೆಯ ವಿಷಯ ಮತ್ತೆ ಸುದ್ದಿಯಾಗಬಹುದು ಎಂದು ಮನೆಯವರಿಗೆ ಮುಂಚೆಯೇ ತಿಳಿಸಿಡುವುದು ಒಳ್ಳೆಯದು.

ಮಕ್ಕಳೊಂದಿಗೆ ಅಥವಾ ದುರ್ಬಲರೊಂದಿಗೆ ಕೆಲಸ ಮಾಡದಂತೆ ನನ್ನ ಮೇಲೆ ನಿಷೇಧವೂ ಇದೆ. ಮರುಸೇರ್ಪಡೆಯಾದರೆ ಅದು ಹೋಗುತ್ತದೆಯೇ?

ಹೋಗುವುದಿಲ್ಲ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಆ ನಿಷೇಧದ ಪಟ್ಟಿಯನ್ನು ನೋಡಿಕೊಳ್ಳುವುದು ಡಿಸ್‌ಕ್ಲೋಷರ್ ಅಂಡ್ ಬಾರಿಂಗ್ ಸರ್ವಿಸ್ ಎಂಬ ಬೇರೆಯೇ ಸಂಸ್ಥೆ. ನಿಷೇಧಕ್ಕೊಳಗಾದಾಗ 25 ವರ್ಷ ತುಂಬಿದ್ದವರು ಸಾಮಾನ್ಯವಾಗಿ ಹತ್ತು ವರ್ಷ ಕಳೆದ ಮೇಲೆ ಮರುಪರಿಶೀಲನೆ ಕೇಳಬಹುದು. ಆ ಪಟ್ಟಿಯಲ್ಲಿ ಹೆಸರಿರುವಾಗ ಮರುಸೇರ್ಪಡೆಗೆ ಯತ್ನಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ವ್ಯರ್ಥವಾದೀತು. ಮೊದಲು ಆ ಗಂಟನ್ನು ಬಿಡಿಸಿಕೊಳ್ಳಬೇಕು.

ಅರ್ಜಿ ತಿರಸ್ಕೃತವಾದರೆ?

ಹನ್ನೆರಡು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಆದರೆ ವೈದ್ಯರು ಮತ್ತು ನರ್ಸ್‌ಗಳ ವಿಷಯದಲ್ಲಿ ಎರಡನೆಯ ಸಲವೂ ತಿರಸ್ಕರಿಸಿದರೆ, ಇನ್ನು ಮುಂದೆ ಅರ್ಜಿ ಹಾಕುವ ಹಕ್ಕನ್ನೇ ಅನಿರ್ದಿಷ್ಟ ಕಾಲ ಅಮಾನತಿನಲ್ಲಿಡುವ ಅಧಿಕಾರ ಸಮಿತಿಗಿದೆ. ಆ ಅಮಾನತಿನ ಮರುಪರಿಶೀಲನೆಯನ್ನು ವೈದ್ಯರು ಮೂರು ವರ್ಷಗಳ ನಂತರ ಕೋರಬಹುದು. ಆದುದರಿಂದ ‘ಒಮ್ಮೆ ಹಾಕಿ ನೋಡೋಣ’ ಎಂಬ ಅರ್ಜಿ ಬೇಡ ಎಂದು ಕಳಕಳಿಯಿಂದ ಹೇಳುತ್ತೇನೆ. ಸಿದ್ಧತೆ ಸಾಲದೆಂದು ಅನಿಸಿದರೆ ಆರನೆಯ, ಏಳನೆಯ ವರ್ಷಕ್ಕೆ ಕಾಯುವುದರಿಂದ ಏನೂ ಕಳೆದುಹೋಗುವುದಿಲ್ಲ. ತಿರಸ್ಕಾರದ ಕಾರಣಗಳನ್ನು ಲಿಖಿತವಾಗಿ ಕೊಡುತ್ತಾರೆ. ಮುಂದಿನ ಅರ್ಜಿಗೆ ಅದೇ ಪಠ್ಯಪುಸ್ತಕ.

ಅರ್ಜಿ ಮಂಜೂರಾದರೆ ಮರುದಿನವೇ ಕೆಲಸಕ್ಕೆ ಹೋಗಬಹುದೇ?

ಬಹುತೇಕ ಇಲ್ಲ. ವೈದ್ಯರ ಟ್ರಿಬ್ಯೂನಲ್ ಮರುಸೇರ್ಪಡೆಗೆ ಷರತ್ತು ವಿಧಿಸುವಂತಿಲ್ಲ, ಒಪ್ಪಬೇಕು ಇಲ್ಲವೇ ನಿರಾಕರಿಸಬೇಕು. ಹಾಗಾಗಿ ‘ಮೇಲ್ವಿಚಾರಣೆಯಲ್ಲಿ ಇಟ್ಟು ನೋಡಿ’ ಎಂದು ಕೇಳಿಕೊಳ್ಳುವ ಅವಕಾಶ ವೈದ್ಯರಿಗಿಲ್ಲ. ಎನ್‌ಎಂಸಿ ಮತ್ತು ಎಚ್‌ಸಿಪಿಸಿ ಸಮಿತಿಗಳು ಷರತ್ತುಗಳೊಂದಿಗೆ ಹೆಸರನ್ನು ಮರಳಿಸಬಹುದು, ಮತ್ತು ಇಷ್ಟು ದೀರ್ಘ ಅಂತರದ ನಂತರ ವೃತ್ತಿಗೆ ಮರಳುವ ಕೋರ್ಸು, ಸಾಮರ್ಥ್ಯ ಪರೀಕ್ಷೆ ಅಥವಾ 60 ದಿನಗಳ ಕಲಿಕೆಯ ಅಗತ್ಯ ಹೇಗೂ ಬರುತ್ತದೆ. ಜೊತೆಗೆ 2014ರಿಂದ ವೃತ್ತಿ ವಿಮೆ ಅಥವಾ ಅದಕ್ಕೆ ಸಮನಾದ ರಕ್ಷಣೆ ಕಡ್ಡಾಯ. ಬೇರೆ ದೇಶದ ರಿಜಿಸ್ಟರಿನಲ್ಲೂ ನಿಮ್ಮ ಹೆಸರಿದ್ದರೆ ಅಲ್ಲಿಯ ಮಂಡಳಿಗೂ ವಿಷಯ ತಿಳಿಸಿ. ಇಲ್ಲಿಯ ಮರುಸೇರ್ಪಡೆಯಿಂದ ಅಲ್ಲಿಯ ಆದೇಶ ತಾನಾಗಿ ರದ್ದಾಗುವುದಿಲ್ಲ.

ಕೆಲಸದ ಅರ್ಜಿಯಲ್ಲಿ ‘ನಿಮ್ಮ ನೋಂದಣಿ ಎಂದಾದರೂ ರದ್ದಾಗಿತ್ತೇ?’ ಎಂಬ ಪ್ರಶ್ನೆ ಇನ್ನು ಮುಂದೆ ಪ್ರತಿ ಸಲವೂ ಎದುರಾಗುತ್ತದೆ. ‘ಹೌದು’ ಎಂದು ಗುರುತು ಹಾಕಿ, ಹೆಸರು ಹೋದ ದಿನ, ಕಾರಣ, ಮರಳಿದ ದಿನ ಇವಿಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು, ಮರುಸೇರ್ಪಡೆಯ ಆದೇಶದ ಪ್ರತಿಯನ್ನು ಲಗತ್ತಿಸಿ.